ಓಂಕಾರಯ್ಯನವರ ಕೈಪಾಲು

ನಾನು ಆ ಊರಿಗೆ ಮೊದಲು ಹೋದದ್ದು ಚಿಕ್ಕಮ್ಮನ ಮಗಳ ಮದುವೆಗೆ. ಹಾಡು, ಗದ್ದಲ, ತಮಾಷೆ ಯಾವುದಕ್ಕೂ ಕಡಿಮೆಯಿರಲಿಲ್ಲ. ಆದರೆ ನಗುವವರೆಲ್ಲ ಬಾಯಿಗೆ ಸೆರಗನ್ನೋ ಕರವಸ್ತ್ರವನ್ನೋ ಅಡ್ಡ ಹಿಡಿದೇ ನಗುತ್ತಿದ್ದರು. ಫೋಟೊ ತೆಗೆಯುವವನು "ಸ್ವಲ್ಪ ನಗ್ರಪ್ಪಾ" ಅಂದ ಕೂಡಲೇ ಎರಡೂ ಕಡೆಯ ಬೀಗರು ತುಟಿ ಬಿಗಿದುಕೊಂಡು, ಯಾರೋ ಬೈದವರ ಹಾಗೆ ನಿಂತರು. ನನ್ನ ಕಸುಬು ಹಲ್ಲಿನ ಡಾಕ್ಟರಿಕೆ. ಊಟದ ಪಂಕ್ತಿಯಲ್ಲಿ ಕೂತವಳು ಎಲೆಯ ಮೇಲಿನ ಹೋಳಿಗೆ ಬಿಟ್ಟು ಜನರ ಬಾಯಿ ನೋಡುತ್ತಾ ಹೋದೆ. ಎಳೆ ಮಕ್ಕಳನ್ನು ಬಿಟ್ಟರೆ ಎರಡೂ ದವಡೆಯಲ್ಲಿ ಅಗಿಯುವವರು ಒಬ್ಬರೂ ಕಾಣಲಿಲ್ಲ. ನಾನು ಓದಿದ ನಗರದಲ್ಲಿ ಓಣಿಗೊಂದು ಹಲ್ಲಿನ ಬೋರ್ಡು, ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದುಕೊಳ್ಳುವ ಪೈಪೋಟಿ. ಇಲ್ಲಿ ಹುಡುಕಿದರೂ ಒಂದು ಬೋರ್ಡಿಲ್ಲ. ಮದುವೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದರು. ನಾನು ಹತ್ತಲಿಲ್ಲ.

ಆ ಊರಿನ ಹಲ್ಲು ಹಾಗಾಗಲು ಕಾರಣ ಬ್ಯಾಂಕು. ಅಲ್ಲಿ ಬ್ಯಾಂಕಿನ ಮ್ಯಾನೇಜರಿಗೆ ಬೋನಸ್ಸನ್ನು ದುಡ್ಡಾಗಿ ಕೊಡುವಂತಿರಲಿಲ್ಲ. ಹಾಗಂತ ಸರ್ಕಾರದ ಆಜ್ಞೆಯಿತ್ತು, ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಬ್ಯಾಂಕಿನ ಬಾಗಿಲ ಮೇಲೆ ತೂಗುಹಾಕಿದ್ದರು. ಮ್ಯಾನೇಜರು ಯಾರಿಗೆ ಸಾಲ ಕೊಟ್ಟಿದ್ದಾರೋ ಅವರ ಕಸುಬು ಚೆನ್ನಾಗಿ ನಡೆದರೆ, ಆ ಕಸುಬಿನಿಂದ ಏನು ಹುಟ್ಟುತ್ತದೋ ಅದರಲ್ಲೇ ಒಂದು ಪಾಲು ಮ್ಯಾನೇಜರಿಗೆ. ಅದಕ್ಕೆ ಜನ ಬಾಯಿಪಾಲು ಅನ್ನುತ್ತಿದ್ದರು. ಕಸುಬು ನೆಲಕಚ್ಚಿ ಸಾಲ ಬಿದ್ದುಹೋದರೆ ಮ್ಯಾನೇಜರಿಗೆ ಬರುವುದು ಕೈಪಾಲು. ಅಂದರೆ, ಪ್ರತಿ ಮಂಗಳವಾರ ಬ್ಯಾಂಕಿನ ಮೊಹರು, ಪೆನ್ನು ಎಲ್ಲ ಒಳಗಿಟ್ಟು ಬೀಗ ಹಾಕಿ, ಆ ಬಿದ್ದವನ ಅಂಗಡಿಗೆ ಹೋಗಿ ಅದು ಎದ್ದು ನಿಲ್ಲುವವರೆಗೆ ಕೆಲಸದಾಳಾಗಿ ದುಡಿಯಬೇಕು. ಆ ದಿನ ಅವರು ಮ್ಯಾನೇಜರಲ್ಲ. ಇದನ್ನು ಯಾರು ಯಾವಾಗ ಮಾಡಿದರು ಅಂತ ನಾನು ಕೇಳಿದಾಗಲೆಲ್ಲ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ಬೇರೆ ಊರಲ್ಲಿ ಬೇರೆ ಥರ ಇರುತ್ತದೆಯೆ ಅನ್ನುವ ಹಾಗೆ.

ಬ್ಯಾಂಡ್ ಸೆಟ್ಟಿಗೆ ಸಾಲ ಕೊಟ್ಟ ಒಬ್ಬ ಮ್ಯಾನೇಜರ ಮನೆ ಮುಂದೆ ಆ ಬ್ಯಾಂಡಿನವರು ಹಬ್ಬಕ್ಕೊಮ್ಮೆ ಬಂದು ಅವರ ಕಿವಿ ತುಂಬುವವರೆಗೆ ಬಾರಿಸಿ ಹೋಗುತ್ತಿದ್ದರಂತೆ. ಸೈಕಲ್ ಶಾಪಿಗೆ ಕೊಟ್ಟ ಇನ್ನೊಬ್ಬರಿಗೆ ಸೈಕಲ್ಲೇ ಇರಲಿಲ್ಲ. ಪಾಪ, ಪಕ್ಕದ ಮನೆಯಿಂದ ಎರವಲು ತಂದು ಪಂಕ್ಚರ್ ಹಾಕಿಸಿಕೊಂಡರಂತೆ. ಇಂಥದ್ದೆಲ್ಲ ನೋಡಿ ಮುಂದೆ ಬಂದವರು ಜಾಣರಾದರು. ತಿನ್ನುವ ವಸ್ತುವಿಗೆ ಮಾತ್ರ ಸಾಲ ಕೊಟ್ಟರು. ಅದರಲ್ಲೂ ಎಂದೂ ಮುಳುಗದ ವ್ಯಾಪಾರ ಮಿಠಾಯಿಯದು. ಹೀಗಾಗಿ ಬ್ಯಾಂಕಿನ ಎದುರಿನ ಇಡೀ ಬೀದಿ ಮಿಠಾಯಿ ಬೀದಿಯಾಗಿ, ಬಸ್ಸು ಊರ ಹೊರಗಿದ್ದಾಗಲೇ ತುಪ್ಪದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆ ಊರಲ್ಲಿ ಕನ್ನಡಕ ಮಾರುವವರಿರಲಿಲ್ಲ, ಮೇಲಿನ ಕೇರಿಗೆ ನೀರಿರಲಿಲ್ಲ, ಆದರೆ ಜಿಲೇಬಿ ಮಾತ್ರ ಬೇಕಾದಷ್ಟಿತ್ತು.

ನಾನು ಸಾಲ ಕೇಳಲು ಹೋದಾಗ ಮ್ಯಾನೇಜರಾಗಿದ್ದವರು ಓಂಕಾರಯ್ಯ. ನಿವೃತ್ತಿಗೆ ಹತ್ತಿರವಾಗಿದ್ದ, ತೂಕದ ಆಳು. ಮಾತೂ ತೂಕವಾಗಿಯೇ ಆಡುತ್ತಿದ್ದರು. ನನ್ನ ಅರ್ಜಿಯನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟ್ರೇ, ಇದರಲ್ಲಿ ನನ್ನ ಪಾಲು ಹೇಗೆ ಕೊಡ್ತೀರಿ?"

"ವರ್ಷಕ್ಕೊಂದು ಹಲ್ಲು ಬಿಟ್ಟಿಯಾಗಿ ಕೀಳ್ತೀನಿ ಸಾರ್."

ಅವರು ನಗಲಿಲ್ಲ. "ಇದು ಬಿದ್ದುಹೋದ್ರೆ ನಾನು ಬಂದು ಜನರ ಬಾಯಿಗೆ ಇಕ್ಕಳ ಹಾಕ್ಬೇಕಾಗುತ್ತೆ. ನನಗೆ ರಕ್ತ ಕಂಡ್ರೆ ತಲೆ ತಿರುಗುತ್ತೆ. ಬೇರೆ ಏನಾದ್ರೂ ಮಾಡಿ. ಐಸ್ ಕ್ರೀಮ್ ಅಂಗಡಿ ಇಡಿ, ನಾಳೇನೇ ಮಂಜೂರು ಮಾಡ್ತೀನಿ."

ನಾನು ಚಿಕ್ಕಮ್ಮನ ಮನೆಗೆ ವಾಪಸು ಬಂದು ಬ್ಯಾಗು ಕಟ್ಟತೊಡಗಿದೆ. ಆ ಸಂಜೆ ಓಂಕಾರಯ್ಯನವರ ಹೆಂಡತಿ ಕಾತ್ಯಾಯಿನಿಯಮ್ಮ ಹುಡುಕಿಕೊಂಡು ಬಂದರು. ಮಿಠಾಯಿ ಅಂದರೆ ವಾಕರಿಕೆ ಬರುವಷ್ಟು ಬಾಯಿಪಾಲಿನ ಲಾಡು ತಿಂದ ಹೆಂಗಸು ಅವರು. ಎಡದವಡೆಯಲ್ಲಿ ಅಗಿಯುವುದನ್ನೇ ಮರೆತಿದ್ದರು. "ನಮ್ಮೋರು ಹೇಳಿದ್ರು ಯಾರೋ ಹಲ್ಲಿನೋರು ಬಂದಿದಾರೆ ಅಂತ. ನಿಮ್ಮ ಹತ್ರ ಸಾಮಾನು ಇದೆಯಾ?" ಅಂದರು. ಪಡಸಾಲೆಯಲ್ಲಿ ಮರದ ಕುರ್ಚಿಯ ಮೇಲೆ ಕೂರಿಸಿ, ಸೂಜಿ ಕೊಟ್ಟು, ಕಾಡುತ್ತಿದ್ದ ಹುಳುಕು ಹಲ್ಲನ್ನು ಕಿತ್ತು, ಪಕ್ಕದ್ದನ್ನು ತುಂಬಿಸಿ ಕಳಿಸಿದೆ. ಗಾಯ ಮಾಯುವವರೆಗಾದರೂ ಇರೋಣ ಅಂತ ನಾನೂ ಉಳಿದೆ. ಒಂದು ಬೆಳಗ್ಗೆ ಬ್ಯಾಂಕಿನಿಂದ ಕರೆ ಬಂತು. ಓಂಕಾರಯ್ಯ ನನ್ನ ಮುಖ ನೋಡದೆ ಕಾಗದಕ್ಕೆ ಮೊಹರು ಒತ್ತಿದರು.

"ನಿನ್ನೆ ಅವಳು ಅಡುಗೆಮನೇಲಿ ಚಕ್ಕುಲಿ ಕಡಿಯೋ ಸದ್ದು ಕೇಳಿದೆ" ಅಂದರು. "ಮದುವೆಯಾದ ಹೊಸದರಲ್ಲಿ ಕೇಳಿದ ಸದ್ದು ಅದು. ತಗೊಳ್ಳಿ, ಏನಾಗುತ್ತೋ ಆಗ್ಲಿ."

ಮಿಠಾಯಿ ಬೀದಿಯಲ್ಲೇ ನಾನು ಹಿಡಿದ ಮಳಿಗೆಗೆ ಲಾರಿಯಲ್ಲಿ ಕುರ್ಚಿ ಬಂತು. ಹಿಂದಕ್ಕೆ ವಾಲುವ, ಮೇಲೆ ಕೆಳಗೆ ಹೋಗುವ, ತಲೆಯ ಮೇಲೆ ದೀಪವಿರುವ ಕುರ್ಚಿ. ಇಳಿಸುವಾಗ ನೋಡಲು ಊರೇ ಸೇರಿತ್ತು. ಕೂರಲು ಮಾತ್ರ ಬಹಳ ದಿನ ಯಾರೂ ಬರಲಿಲ್ಲ. ಮೊದಲು ಬಂದವನು ಸಂತೆಯಲ್ಲಿ ಕೂಗಿ ಕೂಗಿ ಸುಂಕ ವಸೂಲಿ ಮಾಡುವವನು. ನಾನು ಹಲ್ಲು ಕೊರೆಯುವ ಯಂತ್ರವನ್ನು ಬರಿದೆ ಚಾಲು ಮಾಡಿದ್ದೆ ಅಷ್ಟೆ, ಅವನು ಹಾಕಿದ ಚೀರು ಮಿಠಾಯಿ ಬೀದಿಯ ಕೊನೆಯವರೆಗೂ ಕೇಳಿತು. ಆಮೇಲೆ ನನ್ನ ಬಾಗಿಲ ಮುಂದೆ ಹಾಯುವವರು ರಸ್ತೆಯ ಆ ಕಡೆಯಿಂದ ಹಾಯತೊಡಗಿದರು. ಲಾಡಿನ ರುದ್ರಣ್ಣ, ಆ ಬೀದಿಗೇ ದೊಡ್ಡ ವ್ಯಾಪಾರಿ, ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದನಂತೆ: "ಆಯಮ್ಮನ ಕುರ್ಚಿ ಮೇಲೆ ಕೂತ್ರೆ ಮುಗೀತು, ಇನ್ಮೇಲೆ ಸಿಹಿ ಮುಟ್ಟಬೇಡಿ ಅಂತಾಳೆ. ಸಿಹಿ ಬಿಟ್ಟು ಬದುಕೋದೂ ಒಂದು ಬದುಕೇನ್ರಿ?" ಕಂತು ಕಟ್ಟಲಾಗದೆ ನನ್ನ ಸಾಲ ಬಿತ್ತು.

ಮುಂದಿನ ಮಂಗಳವಾರ ಬೆಳಗ್ಗೆ ಓಂಕಾರಯ್ಯ ತೋಳು ಮಡಚಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತರು. ಬೀದಿಯ ಎರಡೂ ಕಡೆ ಮಿಠಾಯಿಯವರು ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದು ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು.

"ಕ್ಷಮಿಸಿ ಸಾರ್" ಅಂದೆ.

"ಪೊರಕೆ ಎಲ್ಲಿದೆ ಹೇಳಿ" ಅಂದರು.

ಗುಡಿಸಿದರು. ಗಾಜು ಒರೆಸಿದರು. ಉಪಕರಣ ಕುದಿಸುವುದನ್ನು ಕಲಿತರು, ಆದರೆ ಇಕ್ಕಳ ಎತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು. ಮ್ಯಾನೇಜರು ಬೀದಿಯಲ್ಲಿ ಕೂತರೆ ಜನ ಬಿಡುತ್ತಾರೆಯೆ? ಬ್ಯಾಂಕಿನೊಳಗೆ ಹೋಗಲು ಅಂಜುವವರೆಲ್ಲ ಬಂದು ಪಕ್ಕದಲ್ಲಿ ಕೂತು ತಮ್ಮ ಕಷ್ಟ ಹೇಳತೊಡಗಿದರು. ಹಾಗೆ ಬಂದವನು ಬಸ್ ಕಂಡಕ್ಟರ್ ದುರ್ಗಪ್ಪ. ಕೆನ್ನೆ ಬಾತು ಕಿತ್ತಳೆ ಹಣ್ಣಿನಂತಾಗಿತ್ತು. ಸೀಟಿ ಊದಲಾಗದೆ ಬಸ್ಸಿನ ತಗಡು ಬಡಿದು ಬಡಿದು ಅಂಗೈ ಕೆಂಪಾಗಿತ್ತು. ಅವನು ಹೇಳಲು ಬಂದದ್ದು ಬೇರೇನೋ. ಓಂಕಾರಯ್ಯ ಅದನ್ನು ಕೇಳಲೇ ಇಲ್ಲ.

"ಏನೋ ಇದು ಮುಖ? ನಡಿ ಒಳಗೆ."

"ಬ್ಯಾಡ ಸಾರ್, ಪ್ರಾಣ ಹೋಗುತ್ತೆ."

"ನಾನಿರ್ತೀನಿ ಬಾ. ಕೈ ಹಿಡ್ಕೊ."

ದುರ್ಗಪ್ಪ ಕುರ್ಚಿಯ ಮೇಲೆ ಕೂತು ಮ್ಯಾನೇಜರ ಕೈ ಹಿಡಿದ. ಓಂಕಾರಯ್ಯ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ನಾನು ಸೂಜಿ ಕೊಟ್ಟು ದವಡೆ ಜೋಮು ಹಿಡಿಯುವವರೆಗೆ ಕಾದು ಇಕ್ಕಳ ಹಾಕಿದಾಗ ಒಂದು ದೊಡ್ಡ ಕೂಗು ಎದ್ದಿತು. ಕೂಗಿದವನು ದುರ್ಗಪ್ಪನಲ್ಲ. ಬಸ್ಸಿನ ಕಂಬಿ ಹಿಡಿದು ಪಳಗಿದ ಕೈ ಅದು, ಓಂಕಾರಯ್ಯನವರ ಬೆರಳಿನ ಮೂಳೆಗಳನ್ನು ಹಿಟ್ಟು ಮಾಡುವ ಹಾಗೆ ಅದುಮಿತ್ತು. ಹಲ್ಲು ಹೊರಗೆ ಬಂದದ್ದೇ ದುರ್ಗಪ್ಪನಿಗೆ ಗೊತ್ತಾಗಲಿಲ್ಲ. "ಆಯ್ತಾ?" ಅಂದ. ಆಮೇಲೆ ಅವನು ಹೋದ ಹೋದ ನಿಲ್ದಾಣದಲ್ಲೆಲ್ಲ ಇದೇ ಸುದ್ದಿ: "ಕಿತ್ತದ್ದು ನನ್ನ ಹಲ್ಲು, ಅತ್ತದ್ದು ಮ್ಯಾನೇಜರು."

ಜನ ಬರತೊಡಗಿದರು. ಆದರೆ ಮಂಗಳವಾರ ಮಾತ್ರ. ಮಿಕ್ಕ ದಿನ ಬಂದು ಬಾಗಿಲಲ್ಲಿ ಇಣುಕಿ, "ಕೈ ಹಿಡಿಯೋರು ಇಲ್ವಾ?" ಅಂತ ಕೇಳಿ ವಾಪಸು ಹೋಗುತ್ತಿದ್ದರು. ಓಂಕಾರಯ್ಯ ಹಿಂಗೈಗೆ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದರು. ನಿಧಾನವಾಗಿ ಗೋಡೆಯ ಕಡೆ ನೋಡುವುದನ್ನು ಬಿಟ್ಟು ಕೂತವರ ಮುಖ ನೋಡತೊಡಗಿದರು. ಸಾಲ ಕೇಳಲು ಬಂದವರ ಮುಖವನ್ನು ಇಷ್ಟು ಹತ್ತಿರದಿಂದ ತಾವು ನೋಡಿರಲೇ ಇಲ್ಲ ಅಂತ ಒಮ್ಮೆ ಅಂದರು.

ಒಂದು ಮಂಗಳವಾರ ಮಧ್ಯಾಹ್ನ, ಬೀದಿಯೆಲ್ಲ ಬಿಸಿಲಿಗೆ ಬಾಗಿಲು ಎಳೆದುಕೊಂಡಿದ್ದಾಗ, ಲಾಡಿನ ರುದ್ರಣ್ಣ ಹಿಂಬಾಗಿಲಿನಿಂದ ಬಂದ. ತಲೆಗೆ ಟವೆಲ್ಲು ಸುತ್ತಿ ಮುಖ ಮುಚ್ಚಿಕೊಂಡಿದ್ದ.

"ಡಾಕ್ಟ್ರಮ್ಮ, ನಾನು ಬಂದಿದ್ದು ಯಾರಿಗೂ ಹೇಳಬಾರದು. ಸಿಹಿ ಬಿಡಿ ಅಂತ ನನಗೂ ಹೇಳ್ತೀರೇನು?"

"ಸಿಹಿ ಬಿಡಿ ಅಂತ ಯಾರಿಗೂ ಹೇಳಿಲ್ಲ ರುದ್ರಣ್ಣ. ತಿಂದಮೇಲೆ ಬಾಯಿ ಮುಕ್ಕಳಿಸಿ, ಮಲಗೋಕೆ ಮುಂಚೆ ಹಲ್ಲುಜ್ಜಿ ಅಂತೀನಿ. ಅಷ್ಟೆ."

"ಅಷ್ಟೇನಾ?" ಅವನು ಕುಸಿದು ಕೂತ. ಕಷ್ಟ ಒಂದೊಂದೇ ಹೊರಗೆ ಬಂತು. ಬೂಂದಿ ಹದವಾಗಿ ಕರಿದಿದೆಯೋ ಇಲ್ಲವೋ ಅನ್ನುವುದು ಹಲ್ಲಿಗೆ ಹಾಕಿದರೇ ಗೊತ್ತಾಗುವುದು. ಅವನು ಕಡಿದು ನೋಡದೆ ಬಹಳ ಕಾಲವಾಗಿತ್ತು. ಆಳುಗಳು ಸರಿಯಾಗಿದೆ ಅಂದದ್ದನ್ನೇ ನಂಬಿ ಮಾರುತ್ತಿದ್ದ. ಲಾಡು ಮೆತ್ತಗಾಗಿದೆ ಅಂತ ಹಳೆಯ ಗಿರಾಕಿಗಳು ಪಕ್ಕದ ಅಂಗಡಿ ಹತ್ತತೊಡಗಿದ್ದರು. ಓಂಕಾರಯ್ಯ ಕೈ ಚಾಚಿದರು. ರುದ್ರಣ್ಣನ ಬಾಯಿ ಸರಿಹೋಗಲು ಹಲವು ಮಂಗಳವಾರ ಹಿಡಿಯಿತು. ಕೊನೆಗೊಂದು ದಿನ ಅವನು ಮುಂಬಾಗಿಲಿನಿಂದಲೇ, ಟವೆಲ್ಲಿಲ್ಲದೆ, ಬಿಸಿ ಬೂಂದಿಯ ಪೊಟ್ಟಣ ಹಿಡಿದು ಬಂದು ನನ್ನೆದುರೇ ಕಡಿದು ತೋರಿಸಿದ. "ಕೇಳ್ರಿ ಸದ್ದು! ಇಷ್ಟು ದಿನ ಈ ಬಡ್ಡೀಮಕ್ಳು ನನಗೆ ಹಸಿ ಬೂಂದಿ ಕಟ್ಟಿದಾರೆ!" ಆ ವಾರ ಅವನ ಅಂಗಡಿಯಲ್ಲಿ ಬಾಣಲೆ, ಜಾಲರಿ ಎಲ್ಲ ಬದಲಾದವು. ಅದರ ಮುಂದಿನ ವಾರ ಮಿಠಾಯಿ ಬೀದಿಯವರು ಒಬ್ಬರ ಹಿಂದೊಬ್ಬರು ಬಂದರು.

ಆಗಲೇ ಹೊಸ ಆಜ್ಞೆ ಬಂದದ್ದು. ಬ್ಯಾಂಕಿನವರಿಗೆ ಬಹಳ ಅನ್ಯಾಯವಾಗುತ್ತಿದೆ ಅಂತ ಯಾರೋ ದೊಡ್ಡವರು ದೂರು ಕೊಟ್ಟಿದ್ದರಂತೆ. ಇದೊಂದು ಸಲ, ಬೇಕಾದವರು ಇಷ್ಟು ವರ್ಷಗಳ ಬೋನಸ್ಸನ್ನು ಒಟ್ಟುಗೂಡಿಸಿ ದುಡ್ಡಾಗಿಯೇ ಪಡೆಯಬಹುದು. ಆದರೆ ಅವರ ಶಾಖೆಯಲ್ಲಿ ಬಿದ್ದ ಸಾಲ ಒಂದೂ ಇರಬಾರದು. ಓಂಕಾರಯ್ಯನವರ ಶಾಖೆಯಲ್ಲಿ ಇದ್ದದ್ದು ಒಂದೇ, ನನ್ನದು. ಬೆಂಚು ತುಂಬುತ್ತಿತ್ತು, ನಿಜ, ಆದರೆ ಹಳೆಯ ಬಾಕಿ ಇನ್ನೂ ತೀರಿರಲಿಲ್ಲ. ಕುರ್ಚಿಯನ್ನು ಜಪ್ತಿ ಮಾಡಿ ಹರಾಜು ಹಾಕಿದರೆ ಸಾಲ ಮುಚ್ಚಿಹೋಗುತ್ತಿತ್ತು. ಅವರು ಸ್ವಂತ ಮನೆ ಮಾಡಿಕೊಂಡಿರಲಿಲ್ಲ. ನಿವೃತ್ತಿಯಾದ ಕೂಡಲೇ ಬ್ಯಾಂಕಿನ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಊರ ಪಶ್ಚಿಮಕ್ಕೆ, ಕೆರೆಯ ದಂಡೆಗೆ, ಕಿಟಕಿಗೆ ಹಸಿರು ಬಣ್ಣ ಬಳಿದ ಒಂದು ಪುಟ್ಟ ಮನೆ ಆ ಬೋನಸ್ಸಿನ ದುಡ್ಡಿಗೆ ಸಿಗುವ ಬೆಲೆಗೆ ಮಾರಾಟಕ್ಕಿತ್ತು. ಕಾತ್ಯಾಯಿನಿಯಮ್ಮ ಸಂಜೆ ವಾಕಿಂಗಿಗೆ ಹೋದಾಗ ಅದರ ಗೇಟು ಹಿಡಿದು ನಿಲ್ಲುವುದನ್ನು ನಾನೇ ಕಂಡಿದ್ದೆ.

ಓಂಕಾರಯ್ಯ ಇದನ್ನೆಲ್ಲ ನನ್ನಿಂದ ಮುಚ್ಚಿಡಲಿಲ್ಲ. ಸೋಮವಾರ ಸಂಜೆ ಬಂದು ಬೆಂಚಿನ ಮೇಲೆ ಕೂತು ಹೇಳಿದರು. "ನಾಳೆ ಕಡೇ ದಿನ. ಹೆಡ್ ಆಫೀಸಿನಿಂದ ವೆಂಕೋಬರಾಯರು ಜಪ್ತಿ ಕಾಗದ ತರ್ತಾರೆ."

"ಕುರ್ಚಿ ತಗೊಂಡು ಹೋಗಿ ಸಾರ್" ಅಂದೆ. ಹೇಳುವುದಕ್ಕೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. "ನಾನು ಮರದ ಕುರ್ಚಿಯಲ್ಲಿ ಶುರು ಮಾಡಿದವಳು. ಅಮ್ಮನಿಗೆ ಆ ಮನೆ ಇಷ್ಟ."

"ಗೊತ್ತು" ಅಂದರು. ಎದ್ದು ಹೋದರು.

ಮಂಗಳವಾರ ಅವರು ಎಂದಿನಂತೆ ಬಂದರು, ಎಂದಿನಂತೆ ಗುಡಿಸಿದರು. ಬೆಂಚು ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ಮಡಕೆ ಮಾಡುವ ಸಿದ್ದವ್ವ ಕುರ್ಚಿಯ ಮೇಲೆ ಒರಗಿ, ಓಂಕಾರಯ್ಯನವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಅಷ್ಟರಲ್ಲಿ ವೆಂಕೋಬರಾಯರು ಇಬ್ಬರು ಕೂಲಿಯವರೊಂದಿಗೆ ಒಳಗೆ ಬಂದರು. ಕೆಟ್ಟ ಮನುಷ್ಯರಲ್ಲ ಅವರು. ಹಳೆಯ ಸಹೋದ್ಯೋಗಿಗೆ ಒಳ್ಳೆಯದಾಗಲಿ ಅಂತಲೇ ಅಷ್ಟು ದೂರ ಬಂದಿದ್ದರು.

"ಓಂಕಾರಯ್ಯ, ಬೇಗ ಸಹಿ ಹಾಕ್ರಿ. ಸಂಜೆ ಬಸ್ಸಿಗೆ ನಾನು ಇದನ್ನ ತಲುಪಿಸಬೇಕು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಅವ್ವ, ಸ್ವಲ್ಪ ಅವರ ಕೈ ಬಿಡು" ಅಂದೆ ನಾನು ಸಿದ್ದವ್ವನಿಗೆ.

"ಬಿಡಾಕಿಲ್ಲ" ಅಂದಳು ಸಿದ್ದವ್ವ, ಕಣ್ಣು ತೆರೆಯದೆ. "ಸೂಜಿ ಚುಚ್ಚಿಬಿಟ್ಟವಳೆ. ಈಗ ಬಿಟ್ರೆ ನಾ ಎದ್ದೋಯ್ತೀನಿ."

ಓಂಕಾರಯ್ಯ ಸಿದ್ದವ್ವನ ಕೈ ನೋಡಿದರು. ಜೇಡಿಮಣ್ಣು ಉಗುರಿನ ಸಂದಿಯಲ್ಲಿ ಒಣಗಿತ್ತು. ಆಮೇಲೆ ವೆಂಕೋಬರಾಯರ ಕಡೆ ತಿರುಗಿದರು.

"ರಾಯರೇ, ಇವತ್ತು ಮಂಗಳವಾರ."

"ಅದಕ್ಕೇ ರೀ, ಕಡೇ ದಿನ."

"ಇವತ್ತು ನಾನು ಮ್ಯಾನೇಜರಲ್ಲ. ಇಲ್ಲಿ ಕೆಲಸದೋನು. ಮೊಹರು, ಪೆನ್ನು ಒಳಗಿಟ್ಟು ಬೀಗ ಹಾಕಿ ಬಂದಿದೀನಿ. ಕೆಲಸದೋನ ಸಹಿ ನಿಮಗೆ ನಡೆಯಲ್ಲ. ನಾಳೆ ಬ್ಯಾಂಕಿಗೆ ಬನ್ನಿ."

"ನಾಳೆ ಬಂದು ಏನು ಮಾಡ್ಲಿ? ಹುಚ್ಚು ಹಿಡಿದಿದೆಯೇನ್ರಿ ನಿಮಗೆ? ಮನೆಯೋರಿಗೆ ಏನು ಹೇಳ್ತೀರಿ?"

ಓಂಕಾರಯ್ಯನವರ ಮುಖ ಬಾಡಿತು. ಆದರೆ ಕೈಯನ್ನು ಸಿದ್ದವ್ವನಿಂದ ಬಿಡಿಸಿಕೊಳ್ಳಲಿಲ್ಲ. ವೆಂಕೋಬರಾಯರು ಮೆಟ್ಟಿಲ ಮೇಲಿನ ಜನರನ್ನು, ಕುರ್ಚಿಯನ್ನು, ಮತ್ತೆ ಜನರನ್ನು ನೋಡಿದರು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಕೂಲಿಯವರಿಗೆ ಕೈಸನ್ನೆ ಮಾಡಿ ಹೊರಟುಹೋದರು.

ಕಾತ್ಯಾಯಿನಿಯಮ್ಮ ಇದನ್ನು ಸುಲಭವಾಗಿ ನುಂಗಿಕೊಂಡರು ಅಂತ ನಾನು ಹೇಳಲಾರೆ. ಗಂಡನ ಜೊತೆ ಮಾತು ಬಿಟ್ಟರು. ನನ್ನ ಜೊತೆಗೂ. ಮಂಗಳವಾರ ಮಧ್ಯಾಹ್ನ ಗಂಡನಿಗೆ ಕಳಿಸುತ್ತಿದ್ದ ಬುತ್ತಿಯನ್ನೂ ನಿಲ್ಲಿಸಿದರು. ಓಂಕಾರಯ್ಯ ರುದ್ರಣ್ಣನ ಅಂಗಡಿಯ ಖಾರ ಸೇವು ತಿಂದು ನೀರು ಕುಡಿಯುತ್ತಿದ್ದರು. ಹಸಿರು ಕಿಟಕಿಯ ಮನೆಯನ್ನು ಬೇರೆ ಯಾರೋ ಕೊಂಡರು. ಒಂದು ದಿನ ಬೆಳಗ್ಗೆ ಅಮ್ಮ ತಾವಾಗಿ ಬಂದು ಕುರ್ಚಿಯ ಮೇಲೆ ಕೂತು ಬಾಯಿ ತೆರೆದರು. ತುಂಬಿದ ಹಲ್ಲೊಂದು ಜುಮ್ಮೆನ್ನುತ್ತಿತ್ತು. ಕೆಲಸ ಮುಗಿದ ಮೇಲೆ, "ನನಗಿನ್ನೂ ಸಿಟ್ಟಿದೆ" ಅಂದರು. "ಆದರೆ ನಿನ್ನೆ ಸಿದ್ದವ್ವ ಒಂದು ದೊಡ್ಡ ನೀರಿನ ಹರವಿ ತಂದುಕೊಟ್ಟು, ಇದು ಮಾರಾಟಕ್ಕಲ್ಲ ಅಂದ್ಲು. ಅದನ್ನ ಎಲ್ಲಿಡೋದು ಅಂತ ಯೋಚಿಸ್ತಾ ಸಿಟ್ಟು ಅರ್ಧ ಮರೆತುಹೋಯ್ತು."

ನನ್ನ ಬಾಕಿ ತೀರಿತು. ಕಸುಬು ಎದ್ದು ನಿಂತದ್ದರಿಂದ ಕೈಪಾಲೂ ಮುಗಿಯಿತು. ಓಂಕಾರಯ್ಯ ಮತ್ತೆ ವಾರವೆಲ್ಲ ಬ್ಯಾಂಕಿನ ಕುರ್ಚಿಗೆ ಹೋದರು. ಇನ್ನು ಜನ ಬರುತ್ತಾರೋ ಇಲ್ಲವೋ ಅಂತ ನನಗೆ ದಿಗಿಲಾಯಿತು. ಆದರೆ ಅವರಿಲ್ಲದ ಮೊದಲ ಮಂಗಳವಾರ, ಕುರ್ಚಿಯ ಮೇಲೆ ಕೂತ ಮೇಷ್ಟರೊಬ್ಬರು ಸುತ್ತ ನೋಡಿ ಗಾಬರಿಯಾದಾಗ, ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಬಳೆಗಾರ್ತಿ ಎದ್ದು ಬಂದು ಕೈ ಕೊಟ್ಟಳು. ಅವಳ ಸರದಿ ಬಂದಾಗ ಅವಳ ಹಿಂದಿನವನು ಕೊಟ್ಟ. ಈಗ ಅದೇ ರೂಢಿಯಾಗಿಬಿಟ್ಟಿದೆ. ವಾರದ ಯಾವ ದಿನ ಬಂದರೂ, ಒಬ್ಬರೇ ಬಂದರೂ, ಬೀದಿಯಲ್ಲಿ ಹೋಗುವವರನ್ನು ಕರೆದರೆ ಯಾರಾದರೊಬ್ಬರು ಬಂದು ಕೈ ಕೊಟ್ಟು ನಿಲ್ಲುತ್ತಾರೆ.

ನಿವೃತ್ತರಾದ ಮೇಲೆ ಗಂಡಹೆಂಡತಿ ಅಂಚೆ ಕಚೇರಿಯ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದರು. ಈಗಲೂ ಅಲ್ಲೇ ಇದ್ದಾರೆ. ಹಸಿರು ಕಿಟಕಿಯ ಮಾತು ಅಮ್ಮನ ಬಾಯಲ್ಲಿ ಆಗಾಗ ಬರುತ್ತದೆ.

ಅವರ ಜಾಗಕ್ಕೆ ಬಂದವಳು ಪಾರಿಜಾತ ಅನ್ನುವ ಹುಡುಗಿ. ಚುರುಕಿನವಳು, ಸಿಹಿ ತಿನ್ನುವವಳೇ ಅಲ್ಲ. ಬಂದ ಹೊಸದರಲ್ಲೇ ಮೌಲಾಲಿ ಎಂಬ ಬಡಗಿಗೆ ಸಾಲ ಕೊಟ್ಟಳು. ಅವನು ಗಾಳಿಗೆ ತಿರುಗುವ ಚಕ್ರ ಮಾಡಿ ಕೆರೆಯ ನೀರನ್ನು ಮೇಲಿನ ಕೇರಿಗೆ ಹತ್ತಿಸುತ್ತೇನೆ ಅಂದಿದ್ದ. ಚಕ್ರ ತಿರುಗಿತು, ಮಕ್ಕಳು ನೋಡಿ ಕುಣಿದರು, ನೀರು ಮಾತ್ರ ಬರಲಿಲ್ಲ. ಸಾಲ ಬಿತ್ತು. ಮಂಗಳವಾರ ಪಾರಿಜಾತ ಸೆರಗು ಸಿಕ್ಕಿಸಿಕೊಂಡು ಗುಡ್ಡ ಹತ್ತಿ ಹೋದಾಗ ಅಲ್ಲಿ ಓಂಕಾರಯ್ಯ ಆಗಲೇ ಪಂಚೆ ಎತ್ತಿ ಕಟ್ಟಿ, ಪೈಪಿನ ಒಂದು ತುದಿ ಹಿಡಿದು ನಿಂತಿದ್ದರಂತೆ.

"ಸಾರ್, ಇದು ನನ್ನ ಕೈಪಾಲು" ಅಂದಳು ಅವಳು. "ನೀವು ರಿಟೈರ್ ಆಗಿದೀರಿ. ನಿಮಗೆ ಇದರಲ್ಲಿ ಏನೂ ಬರಲ್ಲ."

"ಬರದಿದ್ರೆ ಬೇಡಮ್ಮ. ಆ ಕಡೆ ತುದಿ ಹಿಡಿ, ಭಾರ ಇದೆ."

ಬೇಸಿಗೆಯುದ್ದಕ್ಕೂ ಅವರಿಬ್ಬರೂ ಮೌಲಾಲಿಯ ಜೊತೆ ಪೈಪು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಎಲ್ಲೋ ಗಾಳಿ ಸೋರುತ್ತಿತ್ತು. ಅದೆಲ್ಲಿ ಅಂತ ಗೊತ್ತಾಗಲು ಮೌಲಾಲಿ ಪೈಪಿನ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ, ನೊರೆ ಎಲ್ಲಿ ಅಲುಗುತ್ತದೋ ಅಂತ ಕಣ್ಣಿಟ್ಟು ಕೂರುತ್ತಿದ್ದ. ಹೋದ ವಾರ ನಾನು ಒಬ್ಬರ ದವಡೆಗೆ ಹತ್ತಿ ಇಡುತ್ತಿದ್ದಾಗ ಮೇಲಿನ ಕೇರಿಯಿಂದ ದೊಡ್ಡ ಬೊಬ್ಬೆ ಕೇಳಿಸಿತು. ಕೆಲಸ ಮುಗಿಸಿ, ಬಾಗಿಲು ಎಳೆದುಕೊಂಡು ಓಡಿದೆ. ಅರ್ಧ ಊರು ನನ್ನ ಮುಂದೆ ಓಡುತ್ತಿತ್ತು. ಪೈಪು ಹಾವಿನ ಹಾಗೆ ನಡುಗಿ, ಮೊದಲು ಗಾಳಿ ಉಗುಳಿ, ಆಮೇಲೆ ಕೆಸರು ಉಗುಳಿ, ಒಮ್ಮೆಲೇ ನೀರು ಹಾರಿಸಿತು. ಓಂಕಾರಯ್ಯ ತಲೆಯಿಂದ ಕಾಲಿನವರೆಗೆ ತೊಯ್ದು, ಪೈಪನ್ನು ಬಿಟ್ಟರೆ ಎಲ್ಲಿ ನಿಂತುಹೋಗುತ್ತದೋ ಅನ್ನುವವರಂತೆ ಅಪ್ಪಿ ಹಿಡಿದಿದ್ದರು. ಕಾತ್ಯಾಯಿನಿಯಮ್ಮ ಕೆಳಗಿನಿಂದ, "ಬಿಡ್ರೀ ಅದನ್ನ, ಹರಿಯೋಕೆ ಜಾಗ ಕೊಡ್ರೀ!" ಅಂತ ಕೂಗುತ್ತಿದ್ದರು. ಅವರು ಬಿಟ್ಟರು. ನೀರು ಕಾಲುದಾರಿ ಹಿಡಿದು, ಕೇರಿಯ ಒಣ ಚರಂಡಿಗೆ ಇಳಿದು, ತಿರುವಿನಲ್ಲಿ ಒಂದು ಕ್ಷಣ ನಿಂತು, ಮುಂದೆ ಹೊರಟಿತು. ಪಾರಿಜಾತ ಚಪ್ಪಲಿ ಕೈಯಲ್ಲಿ ಹಿಡಿದು ಅದರ ಹಿಂದೆಯೇ ಓಡಿದಳು, ಯಾರ ಮನೆಯವರೆಗೆ ಹೋಗುತ್ತದೋ ನೋಡಲು.